ಗಾಳಿ ಹೋದರೂ ನಿಲ್ಲದ ಗಾಲಿ

ಎತ್ತಿನ ಲಾಳಕ್ಕೆ ಹೊಡೆಯುವ ಮೊಳೆಯೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಇಂಚಿನಷ್ಟು ಉದ್ದ, ದಪ್ಪ ತಲೆ, ಚೂಪು ತುದಿ. ಗೊರಸಿನಿಂದ ಸಡಿಲಗೊಂಡು ಜಗಳೂರಿನ ಯಾವುದೋ ರಸ್ತೆಯಂಚಿಗೆ ಬಿದ್ದ ಇಂಥದೊಂದು ಮೊಳೆ ಸಾಕು, ಕೋಟಿ ರೂಪಾಯಿ ಸ್ಪೋರ್ಟ್ಸ್ ಕಾರನ್ನು ಜಾಲಿಮರದ ನೆರಳಿಗೆ ತಂದು ನಿಲ್ಲಿಸಲು. ಆದರೆ ಆ ಮೊಳೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ, ಒಳಗಿನ ಗಾಳಿ ಪೂರ್ತಿ ಸೋರಿಹೋದ ಮೇಲೂ, ದಾವಣಗೆರೆಯವರೆಗೆ ಓಡಿಬರುವ ಟೈರು ಇದೆ! ಅದು ಹೇಗೆ ಓಡುತ್ತದೆ ಎಂದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಪಂಚರ್ ಅಂದರೇನು ಎಂದು ದಾವಣಗೆರೆ ಸುತ್ತಲಿನ ನಮ್ಮ ಈ ನಾಲ್ಕು ತಾಲ್ಲೂಕುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಚನ್ನಗಿರಿಯ ಅಡಿಕೆ ತೋಟಗಳ ದಾರಿ, ಹೊನ್ನಾಳಿಯ ತುಂಗಭದ್ರೆ ದಂಡೆಯ ಗದ್ದೆ ಬದು, ನ್ಯಾಮತಿಯ ಮೆಕ್ಕೆಜೋಳದ ಹೊಲ, ಜಗಳೂರಿನ ಬೆದ್ದಲು ಎಲ್ಲ ಕಡೆ ಚಕ್ರಕ್ಕೆ ಶತ್ರುಗಳುಂಟು. ಜಗಳೂರು ಕಡೆಯ ಬಳ್ಳಾರಿ ಜಾಲಿಯ ಮುಳ್ಳಂತೂ ಬೈಕಿನ ಟೈರಿಗೆ ನುಗ್ಗಿ, ತುದಿ ಮುರಿದುಕೊಂಡು ಒಳಗೇ ಕೂರುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಪಂಚರ್ ಅಂಗಡಿಯವರು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗ ಹಿಡಿದು, ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ ಸವರಿ ಆ ತುದಿಯನ್ನು ಹುಡುಕಬೇಕು.

ಈಗ ಮೊದಲ ಬೆರಗು. ಕಾರನ್ನು ಹೊರುವುದು ರಬ್ಬರ್ ಅಲ್ಲ, ಗಾಳಿ! 1,600 ಕಿಲೋ ತೂಕದ ಕಾರು ಎಂದುಕೊಳ್ಳಿ, ಚಕ್ರವೊಂದಕ್ಕೆ 400 ಕಿಲೋ. ಟೈರಿನೊಳಗೆ 33 ಪಿಎಸ್‌ಐ ಗಾಳಿ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ ಒತ್ತಡ. ಭಾಗಿಸಿ ನೋಡಿದರೆ ನೆಲಕ್ಕೆ ತಾಗುವ ಜಾಗ ಹತ್ತಿರ ಹತ್ತಿರ 174 ಚದರ ಸೆಂಟಿಮೀಟರ್. ಬೆರಳು ಚಾಚಿದ ನಿಮ್ಮ ಅಂಗೈಯಗಲ, ಅಷ್ಟೇ! ಗಂಟೆಗೆ ಇನ್ನೂರು ಕಿಲೋಮೀಟರ್ ಮೀರಿ ಹಾರುವ ಕಾರು ಭೂಮಿಯನ್ನು ಹಿಡಿದುಕೊಂಡಿರುವುದು ಇಂಥ ನಾಲ್ಕು ಅಂಗೈಯಗಲದ ಜಾಗದಲ್ಲಿ.

ಗಾಳಿ ಹೋದ ಕೂಡಲೇ ಆ ಭಾರವೆಲ್ಲ ಟೈರಿನ ಪಕ್ಕೆಗಳ ಮೇಲೆ ಬೀಳುತ್ತದೆ. ಮಾಮೂಲಿ ಟೈರಿನ ಪಕ್ಕೆ ತೆಳು. ಒಂದೊಂದು ಸುತ್ತಿಗೂ ಅದು ಮಡಚುತ್ತದೆ, ಬಿಚ್ಚುತ್ತದೆ, ಮತ್ತೆ ಮಡಚುತ್ತದೆ. ಮಡಚಿದಷ್ಟೂ ಕಾವು. ಕೆಲವೇ ಕಿಲೋಮೀಟರಿನಲ್ಲಿ ಒಳಗಿನ ಎಳೆಗಳು ರಬ್ಬರಿನಿಂದ ಬಿಟ್ಟುಕೊಂಡು ಪಕ್ಕೆ ಹರಿಯುತ್ತದೆ. ತಿರುವಿನಲ್ಲಿ ಟೈರು ರಿಮ್ಮಿನಿಂದಲೇ ಕಳಚಬಹುದು.

ಗಾಳಿ ಹೋದರೂ ಓಡುವ ಆ ರನ್-ಫ್ಲ್ಯಾಟ್ ಟೈರು ಕಟ್ಟಿದವರು ಮಾಡಿದ ಸಾಹಸ ಇಲ್ಲೇ ಇದೆ. ಕಾವನ್ನು ತಾಳುವ ವಿಶೇಷ ರಬ್ಬರಿನ ದಪ್ಪ ಪದರವನ್ನು ಪಕ್ಕೆಯೊಳಗೆ ತುಂಬಿದರು. ಗಾಳಿ ಹೋದ ಗಳಿಗೆಗೆ ಆ ಪಕ್ಕೆಗಳೇ ಕಂಬಗಳಾಗಿ ಎದ್ದುನಿಂತು ಕಾರನ್ನು ಹೊರುತ್ತವೆ. 1980ರ ದಶಕದಲ್ಲಿ, ಗಂಟೆಗೆ 300 ಕಿಲೋಮೀಟರ್ ದಾಟುತ್ತಿದ್ದ ಪೋರ್ಷೆ 959 ಕಾರಿಗೆ ಬ್ರಿಜ್‌ಸ್ಟೋನ್ ಕಂಪನಿ ಇಂಥ ಟೈರು ಕೊಟ್ಟಿತು. 1997ರ ಶೆವರ್ಲೆ ಕಾರ್ವೆಟ್ ಬರುವ ಹೊತ್ತಿಗೆ ಧೈರ್ಯ ಎಷ್ಟು ಬೆಳೆದಿತ್ತೆಂದರೆ, ಆ ಮಾದರಿಯ ಎಲ್ಲ ಕಾರುಗಳಿಗೂ ರನ್-ಫ್ಲ್ಯಾಟ್ ಹಾಕಿ ಸ್ಟೆಪ್ನಿಯನ್ನೇ ಕೈಬಿಟ್ಟರು.

ಸಾಮಾನ್ಯವಾಗಿ ಇವು ಕೊಡುವ ಭರವಸೆ: ಗಾಳಿ ಸೊನ್ನೆಗೆ ಇಳಿದ ಮೇಲೂ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ 80 ಕಿಲೋಮೀಟರ್ ದೂರ. ನಮ್ಮ ನಕ್ಷೆಯ ಮೇಲೆ ಇದನ್ನಿಟ್ಟು ನೋಡಿ! ಜಗಳೂರಿನಲ್ಲಿ ಮೊಳೆ ಚುಚ್ಚಿದರೆ ದಾವಣಗೆರೆ ಕೈಗೆಟುಕುತ್ತದೆ. ನ್ಯಾಮತಿಯಲ್ಲಾದರೆ ಶಿವಮೊಗ್ಗ ಪಕ್ಕದಲ್ಲೇ. ಹೊನ್ನಾಳಿ, ಚನ್ನಗಿರಿಯವರಿಗೆ ಎರಡರಲ್ಲಿ ಯಾವುದಾದರೂ ಸರಿ. ಜಾಕ್ ಬೇಡ, ಪಾನಾ ಬೇಡ, ರಾತ್ರಿ ಹೊತ್ತು ಹೆಂಡತಿ ಮಕ್ಕಳನ್ನು ರಸ್ತೆಗೆ ಇಳಿಸುವುದೂ ಬೇಡ.

ಇನ್ನೂ ಸೋಜಿಗವೆಂದರೆ, ಓಡಿಸುವವರಿಗೆ ಗಾಳಿ ಹೋಗಿದ್ದು ಗೊತ್ತೇ ಆಗದೆ ಹೋಗಬಹುದು. ಹಾಗಾಗಿ ಒತ್ತಡ ಇಳಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಸುವ ಟಿಪಿಎಂಎಸ್ ವ್ಯವಸ್ಥೆ ಇದರ ಜೊತೆ ಇರಲೇಬೇಕು. ಆ ದೀಪವನ್ನು ಕಡೆಗಣಿಸಿ ವೇಗ ಏರಿಸಿದರೆ ಯಾವ ಪಕ್ಕೆಯೂ ಉಳಿಯದು.

ಹಾಗಾದರೆ ಸ್ಪೋರ್ಟ್ಸ್ ಕಾರುಗಳೆಲ್ಲ ಇದನ್ನೇ ಹಾಕಿಕೊಂಡಿರಬೇಕಲ್ಲ? ಇಲ್ಲ! ದಪ್ಪ ಪಕ್ಕೆಯೆಂದರೆ ತೂಕ ಹೆಚ್ಚು, ಬಿರುಸು ಹೆಚ್ಚು. ರಸ್ತೆಯ ಪ್ರತಿ ಕುಳಿಯೂ ನೇರ ಬೆನ್ನುಹುರಿಗೆ ವರದಿ ಒಪ್ಪಿಸುತ್ತದೆ. ತಿರುವಿನಲ್ಲಿ ಕೈಗೆ ಸಿಗಬೇಕಾದ ನಯವಾದ ಹಿಡಿತ ಮಂಕಾಗುತ್ತದೆ. ಬಿಎಂಡಬ್ಲ್ಯೂ ತನ್ನ ಎಷ್ಟೋ ಮಾಮೂಲಿ ಕಾರುಗಳಿಗೆ ರನ್-ಫ್ಲ್ಯಾಟ್ ಕೊಟ್ಟರೂ ಎಂ3, ಎಂ5ನಂಥ ಓಟದ ಕುದುರೆಗಳಿಗೆ ಕೊಡಲಿಲ್ಲ. ಅಲ್ಲದೆ, ಗುಂಡಿಯ ಅಂಚು ಬಡಿದು ಪಕ್ಕೆಯೇ ಸೀಳಿದರೆ ಈ ಟೈರಿನ ಆಟವೂ ಮುಗಿಯುತ್ತದೆ.

ಇನ್ನೊಂದು ದಾರಿ ಇದಕ್ಕಿಂತ ಜಾಣತನದ್ದು ಎಂದು ನನಗನ್ನಿಸುತ್ತದೆ. ಟೈರಿನ ನೆಲ ಮುಟ್ಟುವ ಭಾಗದ ಒಳಮೈಗೆ ಅಂಟಾದ ಪಾಲಿಮರ್ ಪದರವೊಂದನ್ನು ಬಳಿದಿರುತ್ತಾರೆ. ಮೊಳೆ ನುಗ್ಗಿತೋ, ಅಂಟು ಅದನ್ನು ಸುತ್ತುವರಿದು ಹಿಡಿಯುತ್ತದೆ. ಮೊಳೆ ಕಿತ್ತುಬಂದರೆ, ಹೊರಗೆ ನುಗ್ಗುವ ಗಾಳಿಯೇ ಅಂಟನ್ನು ತೂತಿಗೆ ದಬ್ಬಿ ಮುಚ್ಚಿಬಿಡುತ್ತದೆ. ಗಾಯದ ಬಾಯಿಗೆ ರಕ್ತ ಹೆಪ್ಪುಗಟ್ಟಿದ ಹಾಗೆ! ಕಾಂಟಿನೆಂಟಲ್, ಮಿಶೆಲಿನ್, ಪಿರೆಲ್ಲಿ ಎಲ್ಲರ ಬಳಿಯೂ ಈ ಬಗೆಯ ಟೈರುಗಳಿವೆ. 2022ರಲ್ಲಿ ಜೆಕೆ ಟೈರ್ ಕಂಪನಿ ಕಾರುಗಳಿಗೆ ಇದೇ ಬಗೆಯ ‘ಪಂಕ್ಚರ್ ಗಾರ್ಡ್’ ತಂದಿತು. 6 ಮಿಲಿಮೀಟರ್ ದಪ್ಪದ ಮೊಳೆಯವರೆಗೂ ತಾನೇ ಮುಚ್ಚಿಕೊಳ್ಳುತ್ತದೆ ಎಂದು ಕಂಪನಿ ಹೇಳಿತು. ಲಾಳದ ಮೊಳೆ ಅದರ ಮುಂದೆ ಯಾವ ಲೆಕ್ಕ! ನನಗೆ ರೋಮಾಂಚನವಾದದ್ದು ಇನ್ನೊಂದು ಸಂಗತಿಗೆ. ಈ ಕಂಪನಿಯ ಸಂಶೋಧನಾ ಕೇಂದ್ರ ಇರುವುದು ನಮ್ಮ ಮೈಸೂರಿನಲ್ಲಿ. ಲಾರಿಯವರೆಲ್ಲ ಬಾಯಿತುಂಬ ಹೇಳುತ್ತಿದ್ದ ವಿಕ್ರಾಂತ್ ಟೈರುಗಳ ಊರು ಅದು. ಆ ವಿಕ್ರಾಂತ್ ಕಾರ್ಖಾನೆಯನ್ನು ಜೆಕೆ ಟೈರ್ 1997ರಲ್ಲಿ ಕೊಂಡಿತು.

ಗಾಳಿಯೇ ಬೇಡವೆಂದವರೂ ಉಂಟು. ಹಾಗೆ ನೋಡಿದರೆ ಕಬ್ಬಿಣದ ಪಟ್ಟಾ ಬಿಗಿದ ನಮ್ಮ ಹಳೇ ಗಾಡಿ ಚಕ್ರ ಎಂದೂ ಪಂಚರ್ ಆದದ್ದಿಲ್ಲ. 1971ರಲ್ಲಿ ಚಂದ್ರನ ಮೇಲೆ ಓಡಿದ ಅಮೆರಿಕದ ವಾಹನಕ್ಕೂ ಹೆಣೆದ ತಂತಿಯ ಚಕ್ರಗಳೇ ಇದ್ದವು. 2019ರಲ್ಲಿ ಮಿಶೆಲಿನ್ ಮತ್ತು ಜನರಲ್ ಮೋಟಾರ್ಸ್ ಸೇರಿ ತೋರಿಸಿದ ‘ಅಪ್ಟಿಸ್’ ಎಂಬ ಟೈರಿನಲ್ಲಿ ಬಾಗಿ ಮರಳಿ ನಿಲ್ಲುವ ಗಾಜಿನ ನಾರಿನ ಪಟ್ಟಿಗಳೇ ಭಾರ ಹೊರುತ್ತವೆ. ಆರಪಾರ ಕಾಣುವ ಟೈರು ಅದು! ಆದರೆ ವಿಪರೀತ ವೇಗದಲ್ಲಿ ಕಾವು, ಅದುರು, ಸದ್ದು ಇನ್ನೂ ದೊಡ್ಡ ತೊಡಕುಗಳು. ಸ್ಪೋರ್ಟ್ಸ್ ಕಾರಿಗೆ ಅದು ಬರುವುದು ತಡ.

ಇದೆಲ್ಲ ದೂರದ ಮಾತಲ್ಲ. ಟ್ಯೂಬ್‌ಲೆಸ್ ಟೈರು, ಟಿಪಿಎಂಎಸ್ ಮತ್ತು ಪಂಚರ್ ಮುಚ್ಚುವ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ಕೇಂದ್ರ ಸರ್ಕಾರ 2020ರ ಜುಲೈನಲ್ಲೇ ನಿಯಮ ತಿದ್ದಿದೆ. ಅಡಿಕೆಗೆ ಒಳ್ಳೆ ಧಾರಣೆ ಬಂದ ವರ್ಷ ಹೊಸ ಕಾರಿನ ಡಿಕ್ಕಿ ತೆರೆದು ನೋಡಿದ ಚನ್ನಗಿರಿಯ ಬೆಳೆಗಾರರಿಗೆ ಅಲ್ಲಿ ಸ್ಟೆಪ್ನಿ ಸಿಗದೇ ಹೋಗಬಹುದು. ಅವರು ನನ್ನನ್ನು ಕೇಳಿದರೆ ಅಂಟಿನ ಪದರದ ಟೈರನ್ನೇ ಹಾಕಿಸಿ ಅನ್ನುತ್ತೇನೆ. ಗಾಳಿಯಿಲ್ಲದೆ ಓಡಿದ ರನ್-ಫ್ಲ್ಯಾಟನ್ನು ಎಷ್ಟೋ ತಯಾರಕರು ಮತ್ತೆ ಬಳಸಬೇಡಿ ಅನ್ನುತ್ತಾರೆ. ಒಳಗಿನ ಪಕ್ಕೆ ಬೆಂದಿದ್ದರೆ ಹೊರಗಿನಿಂದ ತಿಳಿಯುವುದಿಲ್ಲ. ಅದೇ ಅಳತೆಯ ಹೊಸದು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಗುವುದೂ ಕಷ್ಟ. ಅಂಟಿನ ಟೈರಾದರೆ ಮೊಳೆ ಸಮೇತ ಊರು ಸೇರಿ, ನಾಳೆ ಬೆಳಿಗ್ಗೆ ನಿಧಾನವಾಗಿ ತೋರಿಸಿದರಾಯಿತು.