ಮಾದರಿ ಮೊದಲು, ಮಾತ್ರೆ ಆಮೇಲೆ

2023ರ ಆಗಸ್ಟ್ ಮೊದಲ ವಾರ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ವಾಂತಿ-ಭೇದಿ ಕಾಣಿಸಿಕೊಂಡಿತು. ನಲ್ಲಿ ನೀರು ಕುಡಿದವರು ಒಬ್ಬರ ಹಿಂದೊಬ್ಬರು ಆಸ್ಪತ್ರೆ ಸೇರಿದರು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು, ಕೆಲವರು ಉಳಿಯಲಿಲ್ಲ. ಯಾರೋ ನೀರಿಗೆ ವಿಷ ಹಾಕಿರಬೇಕೆಂಬ ಅನುಮಾನ ಊರಿಡೀ ಹಬ್ಬಿತು. ಕೊನೆಗೆ ಪ್ರಯೋಗಾಲಯದ ವರದಿಯಲ್ಲಿ ಕಂಡದ್ದು ಕಾಲರಾ ಬ್ಯಾಕ್ಟೀರಿಯಾ.

ವಾಂತಿ-ಭೇದಿಗೆ ಕಾರಣ ಕಾಲರಾ ಇರಬಹುದು, ಶಿಗೆಲ್ಲಾ ಇರಬಹುದು, ಸಾಲ್ಮೊನೆಲ್ಲಾ ಇರಬಹುದು, ಬರೀ ವೈರಸ್ಸೂ ಇರಬಹುದು. ರೋಗಿಯ ಮುಖ ನೋಡಿ ಯಾರೂ ಖಚಿತವಾಗಿ ಹೇಳಲಾರರು. ಹೇಳಬೇಕಾದ್ದು ಮಲದ ಮಾದರಿ. ಆದರೆ ಅದನ್ನು ಕೊಡಲು ನಮಗೆ ಸಂಕೋಚ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಪಡೆದ ಆ್ಯಂಟಿಬಯೋಟಿಕ್ ನುಂಗಿದ ಮೇಲೆ ಲ್ಯಾಬಿಗೆ ಹೋಗುತ್ತೇವೆ. ಅಷ್ಟರಲ್ಲಿ ಬ್ಯಾಕ್ಟೀರಿಯಾ ಅರೆಜೀವವಾಗಿರುತ್ತದೆ, ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ.

ಕಾಲರಾ ಶಂಕೆಯಿದ್ದರೆ ಮಾದರಿಯನ್ನು ಕ್ಷಾರೀಯ ಪೆಪ್ಟೋನ್ ನೀರಿನಲ್ಲಿ ಆರೇಳು ಗಂಟೆ ಇಟ್ಟು, ಟಿಸಿಬಿಎಸ್ ಎಂಬ ಹಸಿರು ಅಗರ್ ತಟ್ಟೆಯ ಮೇಲೆ ಸವರುತ್ತಾರೆ. 37 ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಇಟ್ಟಾಗ, ಕಾಲರಾ ಬ್ಯಾಕ್ಟೀರಿಯಾ ಇದ್ದರೆ ಬೆಳಿಗ್ಗೆ ಹಳದಿ ಕಾಲೊನಿಗಳು ಮೂಡಿರುತ್ತವೆ. ಆದರೂ ತಂತ್ರಜ್ಞರು ಅಷ್ಟಕ್ಕೇ ನಂಬುವುದಿಲ್ಲ. ಇನ್ನೊಂದು ಮಾಧ್ಯಮದಲ್ಲಿ ಬೆಳೆಸಿದ ಕಾಲೊನಿಯನ್ನು ಗಾಜಿನ ಮೇಲೆ ಸೋಡಿಯಂ ಡಿಆಕ್ಸಿಕೋಲೇಟ್ ಹನಿಯಲ್ಲಿ ಕಲಸಿ, ತಂತಿಯ ತುದಿಯಿಂದ ಮೆಲ್ಲಗೆ ಮೇಲೆತ್ತುತ್ತಾರೆ. ಅಂಟಾದ ಎಳೆ ಎದ್ದು ಬಂದರೆ ಶಂಕೆ ಬಲವಾಗುತ್ತದೆ. ಆಮೇಲೆ ಓ1, ಓ139 ಆ್ಯಂಟಿಸೀರಂ ಹನಿಸಿ ಯಾವ ಬಗೆಯದೆಂದು ಖಚಿತ ಮಾಡುತ್ತಾರೆ. ಶಿಗೆಲ್ಲಾ, ಸಾಲ್ಮೊನೆಲ್ಲಾಗಳಿಗೆ ಬೇರೆ ತಟ್ಟೆ, ಬೇರೆ ಬಣ್ಣ. ಪಿಸಿಆರ್ ಕೆಲವೇ ಗಂಟೆಗಳಲ್ಲಿ ಸುಳಿವು ಕೊಡುತ್ತದೆ, ನಿಜ. ಆದರೆ ಯಾವ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂದು ಪರೀಕ್ಷಿಸಿ ನೋಡಲು ಜೀವಂತ ಕಾಲೊನಿಯೇ ಬೇಕು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಿಗೆ ಇನ್ನೊಂದು ತೊಡಕಿದೆ, ದೂರ. ಮಲದ ಮಾದರಿಯನ್ನು ಎರಡು ಗಂಟೆಯೊಳಗೆ ಪರೀಕ್ಷೆಗೆ ಹಚ್ಚಬೇಕು. ಆಗದಿದ್ದರೆ ಕ್ಯಾರಿ-ಬ್ಲೇರ್ ಮಾಧ್ಯಮದ ಬಾಟಲಿಯಲ್ಲಿ ಸ್ವಾಬ್ ಅದ್ದಿ ಕಳಿಸಬೇಕು. ಅದರಲ್ಲಿ ಕಾಲರಾ ಬ್ಯಾಕ್ಟೀರಿಯಾ ಫ್ರಿಜ್ಜಿಲ್ಲದೆಯೂ ದಿನಗಟ್ಟಲೆ ಬದುಕುತ್ತದೆ. ದುಬಾರಿ ಯಂತ್ರಗಳ ಬಗ್ಗೆ ಮಾತಾಡುವ ಮೊದಲು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಈ ಬಾಟಲಿ ಸದಾ ಇರುವಂತೆ ನೋಡಿಕೊಳ್ಳಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಜ್ವರ ಬಂದ ಕೂಡಲೇ ಟೈಫಾಯಿಡ್ ಇದೆಯೇ ಎಂದು ವಿಡಾಲ್ ಪರೀಕ್ಷೆ ಮಾಡಿಸುವ ರೂಢಿಯ ಬಗ್ಗೆಯೂ ಹೇಳಲೇಬೇಕು. 1896ರಷ್ಟು ಹಳೆಯ ಈ ಪರೀಕ್ಷೆ ಹುಡುಕುವುದು ರಕ್ತದಲ್ಲಿನ ಪ್ರತಿಕಾಯಗಳನ್ನು, ಬ್ಯಾಕ್ಟೀರಿಯಾವನ್ನಲ್ಲ. ಹಿಂದೆಂದೋ ಸೋಂಕು ತಗುಲಿದ್ದವರಲ್ಲೂ, ಲಸಿಕೆ ಪಡೆದವರಲ್ಲೂ ಅದು ಪಾಸಿಟಿವ್ ಬರಬಹುದು. ಒಂದೇ ವಿಡಾಲ್ ಚೀಟಿ ನೋಡಿ ಟೈಫಾಯಿಡ್ ಎಂದು ತೀರ್ಮಾನಿಸುವುದು ತಪ್ಪು. ಮೊದಲ ವಾರದಲ್ಲಿ, ಔಷಧಕ್ಕೆ ಮುಂಚೆ ಮಾಡಿಸಿದ ರಕ್ತದ ಕಲ್ಚರ್ ಅದಕ್ಕಿಂತ ಎಷ್ಟೋ ನಂಬಿಕೆಗೆ ಅರ್ಹ.

ನೀರಿಗೂ ಪರೀಕ್ಷೆಯಿದೆ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಎಚ್‌2ಎಸ್ ವಿಧಾನ ಬಹಳ ಸರಳ. ಈ ಪರೀಕ್ಷೆಗೆಂದೇ ಇರುವ ಪುಟ್ಟ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟಾಗ ಕಪ್ಪಾದರೆ, ಆ ನೀರಿಗೆ ಮಲದ ಕೊಳೆ ಸೇರಿರುವ ಶಂಕೆ. ಯಾವ ಬ್ಯಾಕ್ಟೀರಿಯಾ ಎಂದು ಅದು ಹೇಳುವುದಿಲ್ಲ, ಕುಡಿಯಬೇಡಿ ಎಂದು ಹೇಳುತ್ತದೆ.

ಮನೆಯಲ್ಲಿ ಯಾರಿಗಾದರೂ ನೀರಿನಂತೆ ಭೇದಿಯಾದರೆ ಓಆರ್‌ಎಸ್ ಕೂಡಲೇ ಶುರುಮಾಡಿ, ಅದಕ್ಕೆ ಯಾವ ವರದಿಯನ್ನೂ ಕಾಯಬೇಡಿ. ಆಸ್ಪತ್ರೆಗೆ ಹೋದಾಗ ಸಂಕೋಚಪಡದೆ ಮಲದ ಮಾದರಿ ಕೊಡಿ, ಆ್ಯಂಟಿಬಯೋಟಿಕ್ ಶುರುವಾಗುವ ಮುಂಚೆಯೇ ಕೊಡಿ. ಅಕ್ಕಪಕ್ಕದ ಮನೆಯಲ್ಲೂ ಭೇದಿಯಿದ್ದರೆ ಅದೇ ದಿನ ಆಶಾ ಕಾರ್ಯಕರ್ತೆಗೆ ತಿಳಿಸಿ.