ಕೋಳಿಗೂಡಿನ ಜಾಲರಿಗೆ ಸಿಕ್ಕಿದ ಉಪಗ್ರಹ

ನನ್ನ ಸೋದರಮಾವನವರು ರಾಯಚೂರು ಜಿಲ್ಲೆಯ ಒಂದು ಸಣ್ಣ ಹಳ್ಳಿಯಲ್ಲಿ ಬೆಳೆದವರು. ಈಚೆಗೆ ಬೆಂಗಳೂರಿಗೆ ಬಂದಿದ್ದಾಗ ಒಂದು ಸಂಜೆ ನಮ್ಮ ಮನೆಯ ತಾರಸಿಯ ಮೇಲೆ ಅಡ್ಡಾಡುತ್ತಿದ್ದವರು, ಮೂಲೆಯಲ್ಲಿದ್ದ ಟೆಲಿವಿಷನ್ನಿನ ತಟ್ಟೆಯನ್ನು ಕಂಡು ನಕ್ಕುಬಿಟ್ಟರು.

“ಇದೇನು ಅಳಿಯಾ, ಉಣ್ಣೋ ಗಂಗಾಳದಷ್ಟು ಐತಿ! ನಮ್ಮ ಸಾಲಿ ಅಂಗಳದಾಗ ಇದ್ದದ್ದು ಇದರ ಐದು ಪಟ್ಟು ದೊಡ್ಡದಿತ್ತು. ಅದನ್ನ ಯಾತರಿಂದ ಮಾಡಿದ್ರು ಗೊತ್ತೇನು? ಕೋಳಿಗೂಡಿನ ಜಾಲರಿಯಿಂದ!”

ಕನ್ನಡ ಪಾಠ ಹೇಳಿ ಜೀವಿಸುವ ನನಗೆ ಮಾವನವರು ವಿನೋದಕ್ಕೆ ಹೇಳುತ್ತಿದ್ದಾರೆಂದೇ ತೋರಿತು. ಆದರೆ ಪುಸ್ತಕಗಳನ್ನು ತಿರುವಿಹಾಕಿ, ಬಲ್ಲವರನ್ನು ಕೇಳಿ ನೋಡಿದಾಗ ಅದು ಅಕ್ಷರಶಃ ಸತ್ಯವೆಂದು ತಿಳಿಯಿತು. ಅಷ್ಟೇ ಅಲ್ಲ, ಬಡದೇಶವೊಂದು ಬುದ್ಧಿಯ ಬಲದಿಂದ ದುಬಾರಿ ವಿದ್ಯೆಯನ್ನು ಬಡವನ ಅಂಗಳಕ್ಕೆ ಇಳಿಸಿದ ಅಪೂರ್ವ ಕಥೆಯೊಂದು ಆ ಜಾಲರಿಯಲ್ಲಿ ಅಡಗಿರುವುದೂ ಕಂಡುಬಂತು.

ಎರವಲು ಬಂದ ಉಪಗ್ರಹ

1969ರಲ್ಲಿ ಭಾರತವೂ ಅಮೆರಿಕದ ‘ನಾಸಾ’ ಸಂಸ್ಥೆಯೂ ಒಂದು ಒಪ್ಪಂದ ಮಾಡಿಕೊಂಡವು. ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಭಾರತ ಬಳಸಿಕೊಂಡು ಹಳ್ಳಿಗಳಿಗೆ ಟೆಲಿವಿಷನ್ ಪಾಠ ಬಿತ್ತರಿಸಬೇಕು ಎಂಬುದು ಅದರ ಸಾರ. ಈ ಕನಸು ಕಂಡವರು ಡಾ. ವಿಕ್ರಮ್ ಸಾರಾಭಾಯಿ. ಕನಸು ನನಸಾಗುವ ಮೊದಲೇ, 1971ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡರು. ಅವರ ಸಹೋದ್ಯೋಗಿಗಳು ಕೆಲಸವನ್ನು ಕೈಬಿಡಲಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಕಾಶದಿಂದ ನೇರವಾಗಿ ಬಂದ ಚಿತ್ರಗಳನ್ನು ಕಂಡವು. ‘ಸೈಟ್’ ಎಂದು ಹೆಸರಾದ ಪ್ರಯೋಗ ಅದೇ. ಆ ಆರರಲ್ಲಿ ಕರ್ನಾಟಕವೂ ಒಂದು; ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಬೆಳಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರವರಿಗೆಲ್ಲ ಎಂದು ಪ್ರಸಾರದ ವೇಳೆ ಹಂಚಿಕೆಯಾಗಿತ್ತು.

ಉಪಗ್ರಹವೇನೋ ಎರವಲು ಸಿಕ್ಕಿತು. ಆದರೆ ಅದರ ಸಂಕೇತವನ್ನು ಹಳ್ಳಿಯಲ್ಲಿ ಹಿಡಿಯುವುದು ಹೇಗೆ? ಅಲ್ಲಿತ್ತು ನಿಜವಾದ ಸಮಸ್ಯೆ.

ಆನೆ ಗಾತ್ರದ ತಟ್ಟೆಗಳು

ಉಪಗ್ರಹ ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಜೊತೆಗೇ ತಿರುಗುತ್ತ, ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ ಇರುತ್ತದೆ. ಅಷ್ಟು ದೂರದಿಂದ ಹೊರಟ ಅಲೆಗಳು ನೆಲ ಮುಟ್ಟುವ ಹೊತ್ತಿಗೆ ಅತ್ಯಂತ ಕ್ಷೀಣವಾಗಿರುತ್ತವೆ. ಮಳೆನೀರನ್ನು ಹಿಡಿಯಲು ಅಗಲ ಬಾಯಿಯ ಪಾತ್ರೆ ಇಡುವಂತೆ, ಈ ಅಲೆಗಳನ್ನು ಒಟ್ಟುಗೂಡಿಸಲು ಅಗಲವಾದ ತಟ್ಟೆ ಬೇಕು. ಬಟ್ಟಲಿನಂತೆ ಬಾಗಿದ ಈ ತಟ್ಟೆ, ತನ್ನ ಮೇಲೆ ಬಿದ್ದ ಅಲೆಗಳನ್ನೆಲ್ಲ ಒಂದೇ ಬಿಂದುವಿಗೆ ಪ್ರತಿಫಲಿಸುತ್ತದೆ. ಅದನ್ನೇ ಆಂಟೆನಾ ಎನ್ನುವುದು.

ಪುಣೆಯ ಸಮೀಪದ ಆರ್ವಿಯಲ್ಲಿ 1971ರಲ್ಲಿ ಕೆಲಸ ಆರಂಭಿಸಿದ ಭೂಕೇಂದ್ರದ ಆಂಟೆನಾದ ವ್ಯಾಸ 29.7 ಮೀಟರ್! ಹೊರದೇಶಗಳೊಡನೆ ದೂರವಾಣಿ ಸಂಪರ್ಕ ಕಲ್ಪಿಸಲು ಕಟ್ಟಿದ ಕೇಂದ್ರ ಅದು. ತಟ್ಟೆ ದೊಡ್ಡದಾದಷ್ಟೂ ಅದು ನೋಡುವ ಆಕಾಶದ ತುಣುಕು ಕಿರಿದಾಗುತ್ತದೆ. ಆರ್ವಿಯ ತಟ್ಟೆಯ ನೋಟ ಹುಣ್ಣಿಮೆಯ ಚಂದ್ರನ ಅಗಲದಲ್ಲಿ ಅರ್ಧಕ್ಕಿಂತಲೂ ಕಡಿಮೆ. ಉಪಗ್ರಹ ತುಸು ಅಲುಗಾಡಿದರೂ ತಟ್ಟೆ ಅದನ್ನು ಹಿಂಬಾಲಿಸಬೇಕು. ಅದಕ್ಕೆ ಮೋಟಾರುಗಳು, ಹಲ್ಲುಚಕ್ರಗಳು, ಗಾಳಿಗೆ ಜಗ್ಗದ ಉಕ್ಕಿನ ಗೋಪುರ, ಆಳವಾದ ಅಡಿಪಾಯ! ತಟ್ಟೆಯ ವ್ಯಾಸ ಇಮ್ಮಡಿಯಾದರೆ ವೆಚ್ಚ ಆರು ಪಟ್ಟು ಏರುವುದುಂಟು ಎಂದು ಈ ವಿದ್ಯೆಯ ಬಲ್ಲವರು ಲೆಕ್ಕ ಹೇಳುತ್ತಾರೆ. ಇಂಥದನ್ನು ದೇಶಕ್ಕೆ ಒಂದೋ ಎರಡೋ ಕಟ್ಟಬಹುದು. ಸಾವಿರಾರು ಹಳ್ಳಿಗಳಲ್ಲಿ ಕಟ್ಟಲಾದೀತೆ?

ಭಾರವನ್ನು ಯಾರು ಹೊರಬೇಕು?

ಇಲ್ಲಿ ಕೆಲಸಕ್ಕೆ ಬಂದದ್ದು ಸರಳವಾದ ಗೃಹಸ್ಥಬುದ್ಧಿ. ಕೂಡುಕುಟುಂಬದಲ್ಲಿ ದುಡಿಯುವ ಹಿರಿಯನೊಬ್ಬ ಹೆಚ್ಚು ಹೊರೆ ಹೊತ್ತರೆ ಕಿರಿಯರೆಲ್ಲ ಹಗುರಾಗುತ್ತಾರಲ್ಲವೆ? ಆಕಾಶದಲ್ಲಿರುವ ಉಪಗ್ರಹ ಒಂದೇ. ನೆಲದ ಮೇಲಿನ ತಟ್ಟೆಗಳು ಸಾವಿರಾರು. ಆದ್ದರಿಂದ ಭಾರವನ್ನು ಮೇಲಿನವನೇ ಹೊರಲಿ! 1974ರ ಮೇ 30ರಂದು ಹಾರಿದ ‘ಎ.ಟಿ.ಎಸ್.-6’ ಉಪಗ್ರಹ ಅದಕ್ಕೆ ತಕ್ಕದಾಗಿಯೇ ಇತ್ತು. ಕೊಡೆಯಂತೆ ಮಡಚಿ ಕಳುಹಿಸಿದ ಅದರ ಆಂಟೆನಾ ಆಕಾಶದಲ್ಲಿ ಬಿಚ್ಚಿಕೊಂಡಾಗ 9.1 ಮೀಟರ್ ಅಗಲವಾಗುತ್ತಿತ್ತು. ಹಳ್ಳಿಗಳಿಗೆ ಬಿತ್ತರಿಸುವ ಅದರ ಯಂತ್ರದ ಶಕ್ತಿ 80 ವಾಟ್, ಎಂದರೆ ಹಳೆಯ ಕಾಲದ ಬಲ್ಬೊಂದರಷ್ಟು! ಆ ಶಕ್ತಿಯನ್ನು ಅಗಲವಾದ ಆಂಟೆನಾ ಎಲ್ಲೆಡೆ ಚೆಲ್ಲದೆ, ಕೈಬತ್ತಿಯ ಬೆಳಕಿನಂತೆ ಒಟ್ಟುಮಾಡಿ ಭಾರತದ ಕಡೆಗೆ ಹಾಯಿಸಿತು. ಅಹಮದಾಬಾದಿನ 14 ಮೀಟರ್ ತಟ್ಟೆ ಕಾರ್ಯಕ್ರಮಗಳನ್ನು ಮೇಲಕ್ಕೆ ಕಳುಹಿಸುತ್ತಿತ್ತು.

ಇಷ್ಟಾದ ಮೇಲೆ ಹಳ್ಳಿಗೆ ಬೇಕಾದದ್ದು ಕೇವಲ 3 ಮೀಟರ್ ವ್ಯಾಸದ ತಟ್ಟೆ. ಆರ್ವಿಯ ತಟ್ಟೆಯ ವಿಸ್ತೀರ್ಣದಲ್ಲಿ ನೂರರಲ್ಲಿ ಒಂದು ಪಾಲು!

ರಂಧ್ರಗಳಿದ್ದರೂ ಸೋರದ ಪಾತ್ರೆ

ತಟ್ಟೆಯನ್ನು ಜಾಲರಿಯಿಂದ ಮಾಡಿದರೆ ಅಲೆಗಳು ರಂಧ್ರಗಳ ಮೂಲಕ ಸೋರಿಹೋಗುವುದಿಲ್ಲವೆ ಎಂದು ವಾಚಕರು ಕೇಳಬಹುದು. ಉತ್ತರ ಅಲೆಯ ಉದ್ದದಲ್ಲಿದೆ. ಸೈಟ್ ಪ್ರಯೋಗದ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅಂಥ ಅಲೆಗೆ ಬೆರಳಗಲದ ರಂಧ್ರ ಲೆಕ್ಕಕ್ಕೇ ಇಲ್ಲ. ಜಾಲರಿ ಅದಕ್ಕೆ ಒಂದು ಗಟ್ಟಿ ಗೋಡೆ. ಗಾಳಿಗಾದರೋ ಅದು ಜಾಲರಿಯೇ! ಬಿರುಗಾಳಿಯ ಬಹುಪಾಲು ಅದರ ಮೂಲಕ ನುಸುಳಿಹೋಗುವುದರಿಂದ ಭಾರಿ ಕಂಬವೂ ಬೇಡ, ಭಾರಿ ಅಡಿಪಾಯವೂ ಬೇಡ. ಭಾಗಗಳನ್ನು ಬಿಡಿಬಿಡಿಯಾಗಿ ಒಯ್ದು ಹಳ್ಳಿಯಲ್ಲಿಯೇ ಜೋಡಿಸಬಹುದು.

ತಟ್ಟೆಯ ಆಕಾರ ಕರಾರುವಾಕ್ಕಾಗಿರಬೇಡವೆ? ಬೇಕು, ಆದರೆ ಎಷ್ಟು? ಅಲೆಯ ಉದ್ದದ ಹದಿನಾರನೆಯ ಒಂದು ಪಾಲಿನಷ್ಟು ಏರುಪೇರಾದರೆ ದೊಡ್ಡ ನಷ್ಟವಿಲ್ಲವೆಂಬುದು ಸಾಮಾನ್ಯ ನಿಯಮ. 35 ಸೆಂಟಿಮೀಟರ್ ಅಲೆಗೆ ಅದು ಎರಡು ಸೆಂಟಿಮೀಟರಿಗೂ ಹೆಚ್ಚು. ಊರ ಕಮ್ಮಾರ ಬಗ್ಗಿಸಿದ ಪಟ್ಟಿಯೂ ಇಷ್ಟು ನಿಖರವಾಗಿರುತ್ತದೆ. ನಮ್ಮ ತಾರಸಿಯ ಇಂದಿನ ತಟ್ಟೆ ಹಿಡಿಯುವ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರ್ ಮಾತ್ರ. ಅದರಲ್ಲಿ ಒಂದೂವರೆ ಮಿಲಿಮೀಟರ್ ಏರುಪೇರೇ ಮಿತಿ. ಅದಕ್ಕೇ ಅದನ್ನು ಯಂತ್ರದಲ್ಲಿ ಅಚ್ಚೊತ್ತಿದ ತಗಡಿನಿಂದ ಮಾಡುವುದು.

ಇನ್ನೊಂದು ಅನುಕೂಲವೂ ಉಂಟು. ಆ ಸಣ್ಣ ತಟ್ಟೆಯ ನೋಟ ಸುಮಾರು 8 ಡಿಗ್ರಿಗಳಷ್ಟು, ಹದಿನಾರು ಚಂದ್ರರನ್ನು ಸಾಲಾಗಿ ನಿಲ್ಲಿಸಿದಷ್ಟು ಅಗಲ. ಉಪಗ್ರಹ ಪೂರ್ವ ಆಫ್ರಿಕದ ನೆತ್ತಿಯ ಮೇಲಿತ್ತು. ಗುಲ್ಬರ್ಗಾದ ಹಳ್ಳಿಯಲ್ಲಿ ತಟ್ಟೆಯನ್ನು ಪಡುವಣಕ್ಕೆ, ತುಸು ತೆಂಕಣಕ್ಕೆ ವಾಲಿಸಿ, ದಿಗಂತದಿಂದ ಸುಮಾರು 39 ಡಿಗ್ರಿ ಮೇಲಕ್ಕೆತ್ತಿ ಬಿಗಿದುಬಿಟ್ಟರೆ ಮುಗಿಯಿತು. ಮೋಟಾರಿನ ಹಂಗಿಲ್ಲ.

ಎಲ್ಲಿ ಜಿಪುಣತನ ಸಲ್ಲದು

ಹಾಗೆಂದು ಎಲ್ಲದರಲ್ಲಿಯೂ ಕೈಬಿಗಿ ಹಿಡಿದರೆ ಕೆಲಸ ಕೆಡುತ್ತದೆ. ತಟ್ಟೆ ಹಿಡಿದುಕೊಟ್ಟ ಸಂಕೇತ ಪಿಸುಮಾತಿನಂಥದು. ಅದನ್ನು ಮೊದಲು ಹಿಗ್ಗಿಸುವ ಉಪಕರಣವೇ ಗದ್ದಲ ಮಾಡಿದರೆ ಪಿಸುಮಾತು ಕೇಳೀತೆ? ಮುಂದೆ ಎಷ್ಟು ಹಿಗ್ಗಿಸಿದರೂ ಸಂಕೇತದೊಡನೆ ಗದ್ದಲವೂ ಹಿಗ್ಗುತ್ತದೆ. ಗದ್ದಲವನ್ನು ಅರ್ಧಕ್ಕೆ ಇಳಿಸುವುದು ತಟ್ಟೆಯ ವಿಸ್ತೀರ್ಣವನ್ನು ಇಮ್ಮಡಿಗೊಳಿಸಿದಷ್ಟೇ ಫಲಕಾರಿ. ಆದ್ದರಿಂದ ಕಬ್ಬಿಣದಲ್ಲಿ ಉಳಿಸಿದ ಹಣದಲ್ಲಿ ಒಂದಿಷ್ಟನ್ನು ಈ ಮೊದಲ ಉಪಕರಣಕ್ಕೆ ಧಾರಾಳವಾಗಿ ಕೊಡುವುದೇ ಜಾಣತನ. ಮಿತವ್ಯಯವೆಂದರೆ ಎಲ್ಲವನ್ನೂ ಅಗ್ಗವಾಗಿ ಮಾಡುವುದಲ್ಲ. ಎಲ್ಲಿ ಸಡಿಲಬಹುದು, ಎಲ್ಲಿ ಸಡಿಲಕೂಡದು ಎಂಬ ವಿವೇಕ.

ಈ ಮಾತಿಗೆ ಎದುರು ದಿಕ್ಕಿನ ನಿದರ್ಶನ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ. ಚಂದ್ರನತ್ತ 2008ರಲ್ಲಿ ಹೊರಟ ಚಂದ್ರಯಾನ-1ಕ್ಕಾಗಿ ಅಲ್ಲಿ 32 ಮೀಟರ್ ವ್ಯಾಸದ ತಟ್ಟೆಯನ್ನು ನಮ್ಮವರೇ ಕಟ್ಟಿದರು. ಮೂರು ಲಕ್ಷ ಎಂಬತ್ತು ಸಾವಿರ ಕಿಲೋಮೀಟರಿಗೂ ಆಚೆ ಇರುವ ನೌಕೆ ಹೆಚ್ಚು ಭಾರ ಹೊರಲಾರದು. ಅಲ್ಲಿ ನೆಲದ ಮೇಲಿನವನೇ ಹೊರಬೇಕು. ಕೋಳಿಗೂಡಿನ ಜಾಲರಿಯನ್ನು ಆರಿಸಿದ ವಿವೇಕವೇ ಬ್ಯಾಲಾಳುವಿನ ಮಹಾತಟ್ಟೆಯನ್ನೂ ಆರಿಸಿತು.

ಆಕಾಶ ಖಾಲಿಯಾದ ದಿನ

ಒಂದು ವರ್ಷ ಕಳೆಯಿತು. ಒಪ್ಪಂದದಂತೆ ಅಮೆರಿಕ ತನ್ನ ಉಪಗ್ರಹವನ್ನು ಹಿಂದಕ್ಕೆ ಕರೆಸಿಕೊಂಡಿತು. ತಟ್ಟೆ ನಮ್ಮದಾಗಿತ್ತು, ಆಕಾಶದ ಯಂತ್ರ ನಮ್ಮದಾಗಿರಲಿಲ್ಲ. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಟೆಲಿವಿಷನ್ ಕೇಂದ್ರ ಆರಂಭವಾಯಿತಾದರೂ ಅದರ ಅಲೆಗಳು ಮುಟ್ಟುವ ಊರುಗಳಿಗೆ ಮಿತಿಯಿತ್ತು. ಭಾರತದ್ದೇ ಆದ ಇನ್ಸಾಟ್-1ಬಿ ಆಕಾಶಕ್ಕೇರಿದ್ದು 1983ರಲ್ಲಿ. ಅಂದಿನ ಜಾಲರಿ ಕಲಿಸಿದ ಪಾಠ ಆಗಲೂ ಹಳ್ಳಿಗಳ ಕೆಲಸಕ್ಕೆ ಬಂತು.

“ಆಮೇಲೆ ಏನಾಯಿತು ಮಾವ?” ಎಂದು ನಾನು ಕೇಳಿದೆ.

ಮಾವನವರು ಸ್ವಲ್ಪ ಹೊತ್ತು ಪಡುವಣದ ಆಕಾಶವನ್ನೇ ನೋಡುತ್ತ ನಿಂತರು. “ಆಮೇಲೆ ಏನೈತಿ! ಪೆಟ್ಟಿಗಿ ತಿರುವಿದ್ರ ಬರೀ ಚುಕ್ಕಿ ಚುಕ್ಕಿ. ನಾವು ಹುಡುಗ್ರು ದಿನಾ ಸಂಜಿಗೆ ಹೋಗಿ ಆ ಜಾಲರಿ ಕೆಳಗ ಕುಂದರತಿದ್ವಿ. ಮತ್ತ ಬಂದೀತೇನೋ ಅಂತ.” ಆಮೇಲೆ ಮೆಲ್ಲಗೆ ಹೇಳಿದರು: “ಆದ್ರ ಅಳಿಯಾ, ನಮ್ಮೂರಾಗ ಎತ್ತಿನ ಬಂಡಿ ಎಷ್ಟು ದೂರ ಹೋಗತಿತ್ತೋ ಅಷ್ಟೇ ಲೋಕ ಅಂದ್ಕೊಂಡಿದ್ದೆ. ಲೋಕ ದೊಡ್ಡದೈತಿ ಅಂತ ನನಗ ಗೊತ್ತಾದದ್ದು ಆ ಕೋಳಿ ಜಾಲರಿಯಿಂದ.”

ಆ ಹುಡುಗ ಮುಂದೆ ಓದಿ, ಅದೇ ಜಿಲ್ಲೆಯಲ್ಲಿ ಮೂವತ್ತು ವರ್ಷ ವಿಜ್ಞಾನದ ಮಾಸ್ತರನಾಗಿ ದುಡಿದು ನಿವೃತ್ತನಾದ. ಭೂಕೇಂದ್ರಗಳ ವೆಚ್ಚವನ್ನು ಲೆಕ್ಕ ಹಾಕುವವರು ಈ ಬಾಬನ್ನೂ ಜಮೆಯ ಕಡೆ ಬರೆದುಕೊಳ್ಳಬೇಕು.