ನೋಡೋಕೆ ಏನಿದೆ ಸ್ವಾಮಿ ಈ ಊರಲ್ಲಿ?

ಮೈಸೂರು: ಮೇಲಿನ ಪ್ರಶ್ನೆ ನನ್ನದಲ್ಲ, ನನ್ನ ತಂದೆಯವರದು. ಕೇಳಿದ್ದು ಕಳೆದ ಏಪ್ರಿಲ್ ತಿಂಗಳಲ್ಲಿ, ಕಣ್ಣಿನ ಡಾಕ್ಟರ ಮುಂದೆ ಸ್ಟೂಲಿನ ಮೇಲೆ ಕೂತುಕೊಂಡು.

ಅಪ್ಪನಿಗೆ 74 ವರ್ಷ. 40 ವರ್ಷದಿಂದ ಬಸ್ ಸ್ಟ್ಯಾಂಡಿನ ಹತ್ತಿರ ಪೆಟ್ಟಿಗೆ ಅಂಗಡಿ. ಬೀಡಿ, ಬೀಡಾ, ಬಾಳೆಹಣ್ಣು, ಶಾಂಪೂ ಪೊಟ್ಟಣ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಫೋನಿನಲ್ಲಿ ದುಡ್ಡು ಹಾಕೋ ಗಿರಾಕಿಗಳಿಂದ ತೊಂದರೆ ಇರಲಿಲ್ಲ, ಎಷ್ಟು ಬಂತು ಅಂತ ಡಬ್ಬಿಯೇ ಕೂಗಿ ಹೇಳುತ್ತೆ. ತೊಂದರೆ ನೋಟಿನವರಿಂದ. ಇಪ್ಪತ್ತಕ್ಕೂ ಇನ್ನೂರಕ್ಕೂ ಅಪ್ಪನ ಕಣ್ಣಲ್ಲಿ ಒಂದೇ ಬಣ್ಣ.

“ಇಪ್ಪತ್ತು ನಿಮಿಷದ ಕೆಲಸ ಯಜಮಾನ್ರೇ, ಮಾಡಿಸ್ಕೊಂಡುಬಿಡಿ” ಅಂದರು ಡಾಕ್ಟರು.

“ಬ್ಯಾಡ ಬುಡಿ ಸ್ವಾಮಿ. ನೋಡೋದೆಲ್ಲಾ ನೋಡಾಯ್ತು. ಇನ್ನೇನದೆ ನೋಡಕ್ಕೆ ಈ ಊರ್ನಲ್ಲಿ? ಟ್ರಾಫಿಕ್ಕಾ? ಕಸವಾ?”

ಅಮ್ಮ ತೀರಿಹೋಗಿ ಆಗ ಎರಡು ವರ್ಷ. ಅಪ್ಪ ಅದನ್ನ ಹೇಳಲಿಲ್ಲ, ನಾನೂ ಹೇಳಲಿಲ್ಲ. ಎದ್ದು ಬಂದೆವು.

ಉತ್ತರ ಕೊಡೋಣ ಅಂದರೆ ನನಗೇ ಬಾಯಿ ಇರಲಿಲ್ಲ. ಹನ್ನೆರಡು ವರ್ಷದಿಂದ ಈ ಊರಿನ ಸುದ್ದಿ ಬರೀತಾ ಇದ್ದೀನಿ. ಏನು ಬರೆದಿದ್ದೀನಿ ಹೇಳಿ? ಲಾರಿ ಡಿಕ್ಕಿ, ಸರ ಕಳವು, ಬಾರದ ನಲ್ಲಿ ನೀರು, ಬಾಯ್ದೆರೆದ ಗುಂಡಿ. ಅಪ್ಪನ ವಾದಕ್ಕೆ ಸಾಕ್ಷಿ ಬೇಕಾದರೆ ನನ್ನ ಹಳೇ ಪೇಪರ್ ಕಟ್ಟೇ ಸಾಕು!

ಕೊನೆಗೆ ಒಂದು ಪಂದ್ಯ ಕಟ್ಟಿದೆ. “ಒಂದು ವಾರ ಟೈಮ್ ಕೊಡಿ. ದಿನಾ ರಾತ್ರಿ ಬಂದು ಈ ಊರಲ್ಲಿ ನೋಡೋ ಅಂಥದ್ದು ಒಂದು ಹೇಳ್ತೀನಿ. ಯಾವುದಾದ್ರೂ ಒಂದನ್ನ ನೋಡಬೇಕು ಅನ್ನಿಸಿದ್ರೆ ಆಪರೇಷನ್ನು. ಇಲ್ಲಾಂದ್ರೆ ನಾನು ಬಾಯಿ ಮುಚ್ಕೋತೀನಿ.”

“ಆಯ್ತು ಹೋಗು. ನೀನು ಬಾಯಿ ಮುಚ್ಚೋದನ್ನಾದ್ರೂ ನೋಡಾನ” ಅಂದರು ಅಪ್ಪ.

ಒಂದೇ ಬೀಡಿ, ಎರಡು ಹೊಗೆ

ಸೋಮವಾರ ದೇವರಾಜ ಮಾರ್ಕೆಟ್ಟಿಗೆ ಹೋದೆ. 2016ರಲ್ಲಿ ಇದರ ಒಂದು ಭಾಗ ಕುಸಿದು ಬಿತ್ತು. ಉಳಿಸಬೇಕೋ ಕೆಡವಬೇಕೋ ಅನ್ನೋ ವಾದ ಆಮೇಲೆ ವರ್ಷಗಟ್ಟಲೆ ನಡೆಯಿತು, ಅದು ನಿಮಗೆ ಗೊತ್ತಿರೋದೇ. ಆವತ್ತು ನಾನು ಹೋದದ್ದು ಆ ಸುದ್ದಿಗಲ್ಲ, ಸುಮ್ಮನೆ. ಹನ್ನೆರಡು ವರ್ಷದಲ್ಲಿ ಅಲ್ಲಿಗೆ ಸುಮ್ಮನೆ ಹೋದದ್ದು ಅದೇ ಮೊದಲು.

ಮೂಟೆ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ ಹಮಾಲಿಯೊಬ್ಬ ಬೀಡಿ ಹಚ್ಚಿದ್ದ. ಮೇಲಿನ ಸಂದಿಯಿಂದ ಬಿಸಿಲು ಕೋಲಿನ ಹಾಗೆ ಇಳಿದಿತ್ತು. ಆ ಬೆಳಕಲ್ಲಿ ಬೀಡಿ ತುದಿಯಿಂದ ಏಳುತ್ತಿದ್ದ ಹೊಗೆ ನೀಲಿ. ಅದೇ ಮನುಷ್ಯ ಬಾಯಿಂದ ಬಿಟ್ಟ ಹೊಗೆ ಬಿಳಿ! ಒಂದೇ ಬೀಡಿ, ಎರಡು ಬಣ್ಣ.

ಪಿಯುಸಿ ಸೈನ್ಸ್ ಅರ್ಧಕ್ಕೆ ಬಿಟ್ಟ ಗಿರಾಕಿ ನಾನು. ಬೆಳಕಿನ ಪಾಠ ನಡೆಯುವಾಗ ಕಿಟಕಿ ಹೊರಗೆ ನೋಡುತ್ತಾ ಕೂತಿದ್ದೆ. ಆದ್ದರಿಂದ ನಮ್ಮ ಬೀದಿಯ ರಿಟೈರ್ಡ್ ಫಿಸಿಕ್ಸ್ ಮೇಷ್ಟ್ರನ್ನ ಕೇಳಿದೆ. ಅವರು ಹೇಳಿದ್ದು ಇಷ್ಟು: ತುದಿಯ ಹೊಗೆಯ ಕಣಗಳು ಬಲು ಸಣ್ಣವು. ಅಷ್ಟು ಸಣ್ಣ ಕಣ ನೀಲಿ ಬೆಳಕನ್ನ ಹೆಚ್ಚಾಗಿ ಚದುರಿಸುತ್ತೆ. ಬಾಯೊಳಗೆ ಹೋಗಿ ಬಂದ ಹೊಗೆಗೆ ತೇವ ಅಂಟಿ ಕಣ ದಪ್ಪ ಆಗುತ್ತೆ. ದಪ್ಪ ಕಣ ಎಲ್ಲಾ ಬಣ್ಣವನ್ನೂ ಒಂದೇ ಸಮ ಚದುರಿಸುತ್ತೆ, ಅದಕ್ಕೇ ಬಿಳಿ. ಆಕಾಶ ನೀಲಿ, ಮೋಡ ಬಿಳಿ, ಅಲ್ಲೂ ಹೆಚ್ಚುಕಮ್ಮಿ ಇದೇ ಲೆಕ್ಕ.

ಎರಡು ಬೆರಳ ಮಧ್ಯೆ ಆಕಾಶಾನೂ ಮೋಡಾನೂ ಹಿಡ್ಕೊಂಡು ಕೂತಿದ್ದಾನೆ, ಆ ಪುಣ್ಯಾತ್ಮನಿಗೇ ಗೊತ್ತಿಲ್ಲ!

ರಾತ್ರಿ ಅಪ್ಪನಿಗೆ ಹೇಳಿದೆ. “ನಲವತ್ತು ವರ್ಷದಿಂದ ಬೀಡಿ ಮಾರ್ತಾವ್ನಿ. ನಂಗೇ ಬೀಡಿ ಕತೆ ಹೇಳ್ತೀಯಾ?” ಅಂದರು. ಒಂದು ದಿನ ಹೋಯಿತು.

ಮೂಗಿನ ಕೆಲಸ

ಮಂಗಳವಾರ ಮಲ್ಲಿಗೆ. ಬೆಳಿಗ್ಗೆ ಮಾರ್ಕೆಟ್ಟಿಗೆ ಬರೋದು ಬಿಗಿದ ಮೊಗ್ಗು. ಹೂವಮ್ಮ ಮೊಳ ಹಾಕಿ ಕತ್ತರಿಸಿಕೊಟ್ಟಾಗಲೂ ಮೊಗ್ಗೇ. ಗಿಡದಿಂದ ಬೇರೆಯಾಗಿ ಬೆಳಗಿನಿಂದ ಅಷ್ಟು ಹೊತ್ತಾದರೂ, ಸಂಜೆ ಆಗುತ್ತಲೇ ಮುಡಿದವರ ತಲೆಯಲ್ಲೇ ಬಿರಿಯುತ್ತೆ. ಸಂಜೆ ಬಸ್ಸು ಹತ್ತಿದವರಿಗೆ ಇದು ಗೊತ್ತು. ನೂಕುನುಗ್ಗಲು, ಬೆವರು, ಡೀಸೆಲ್ಲು, ಅದರ ನಡುವೆ ಇದ್ದಕ್ಕಿದ್ದ ಹಾಗೆ ಘಮ್ಮಂತ! ರಾತ್ರಿ ಹಾರೋ ಪತಂಗಗಳನ್ನ ಕರೆಯೋಕೆ ಹೂವು ಮಾಡಿಕೊಂಡಿರೋ ಏರ್ಪಾಡು ಇದು. ಬಸ್ಸಲ್ಲಿ ಪತಂಗ ಇಲ್ಲ, ನಾವಿದ್ದೀವಿ.

“ಅದು ಮೂಗಿನ ಕೆಲಸ. ನನ್ನ ಮೂಗು ನೆಟ್ಟಗದೆ” ಅಂದರು ಅಪ್ಪ. ಹೌದಲ್ಲ!

ಬುಧವಾರ ಏನೂ ಸಿಗಲಿಲ್ಲ. ಅದನ್ನೂ ಒಪ್ಪಿಕೊಳ್ಳಬೇಕು.

ಗುರುವಾರ ಮಧ್ಯಾಹ್ನ ಮೂರೂವರೆಗೆ ಮಳೆ ಬಂತು, ವರ್ಷದ ಮೊದಲನೇದು. ಅಂಗಡಿಯವರು ಟಾರ್ಪಾಲು ಎಳೆಯೋಕೆ ಓಡಿದರು. ನಾಲ್ಕು ಹನಿ ಬಿದ್ದವೋ ಇಲ್ಲವೋ, ಮಣ್ಣಿನ ವಾಸನೆ ಎದ್ದಿತು. ಟಾರ್ಪಾಲಿನ ಹಗ್ಗ ಹಿಡಿದಿದ್ದ ಪಾತ್ರೆ ಅಂಗಡಿ ಯಜಮಾನರು ಹಗ್ಗ ಕಟ್ಟೋದು ಮರೆತು, ಕಣ್ಣು ಮುಚ್ಚಿ, ಉಸಿರೆಳೆದುಕೊಂಡು ನಿಂತಿದ್ದನ್ನ ಕಂಡೆ. ಬಡ್ಡಿ ಲೆಕ್ಕದಲ್ಲಿ ಒಂದು ಪೈಸೆ ಬಿಡದ ಮನುಷ್ಯ!

ಈ ವಾಸನೆಗೆ 1964ರಲ್ಲಿ ಬೇರ್ ಮತ್ತು ಥಾಮಸ್ ಅನ್ನೋ ಇಬ್ಬರು ಆಸ್ಟ್ರೇಲಿಯಾದ ವಿಜ್ಞಾನಿಗಳು ಪೆಟ್ರಿಕೋರ್ ಅಂತ ಹೆಸರಿಟ್ಟರು. ಬೇಸಿಗೆಯಲ್ಲಿ ಗಿಡಮರದ ಎಣ್ಣೆ ಅಂಶ ಕಲ್ಲುಮಣ್ಣಿಗೆ ಸೇರಿಕೊಂಡಿರುತ್ತೆ. ಅದರ ಜೊತೆಗೆ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಮಾಡೋ ಜಿಯೋಸ್ಮಿನ್ ಅನ್ನೋ ವಸ್ತು. ಹನಿ ಬಿದ್ದಾಗ ಅದರ ಕೆಳಗೆ ಗಾಳಿಗುಳ್ಳೆ ಸಿಕ್ಕಿಕೊಂಡು, ಮೇಲೆದ್ದು ಒಡೆದು, ವಾಸನೆಯನ್ನ ಗಾಳಿಗೆ ಚಿಮ್ಮಿಸುತ್ತೆ. 2015ರಲ್ಲಿ ಅಮೆರಿಕದವರು ಇದನ್ನ ವೇಗದ ಕ್ಯಾಮರಾದಲ್ಲಿ ಹಿಡಿದು ತೋರಿಸಿದರು. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಗೋಲಿ ಸೋಡಾ ಒಡೆದ ಹಾಗೆ. ಉತ್ತರಪ್ರದೇಶದ ಕನೌಜಿನವರಂತೂ ಈ ವಾಸನೆಯನ್ನ ಅತ್ತರ್ ಮಾಡಿ ಸೀಸೆಯಲ್ಲಿ ತುಂಬಿ ಮಾರುತ್ತಾರೆ.

“ಇದೂ ಮೂಗಿಂದೇ” ಅಂದರು ಅಪ್ಪ. ನಕ್ಕರು ಕೂಡ.

ಹತ್ತು ಕೈ ದಾಟಿದ ನೋಟು

ಶುಕ್ರವಾರ ನಂಜನಗೂಡು ಬಸ್ಸು. ನಿಲ್ಲೋಕೂ ಜಾಗ ಇಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಬಸ್ಸು ತುಂಬೋದು ಹೊಸದೇನಲ್ಲ. ಹಿಂದಿನ ಬಾಗಿಲಲ್ಲಿ ನೇತಾಡುತ್ತಿದ್ದ ಹುಡುಗ ನೂರರ ನೋಟು ಮುಂದಕ್ಕೆ ಕೊಟ್ಟ. ಅದು ಕೈಯಿಂದ ಕೈಗೆ ದಾಟಿತು. ಎಣಿಸಿದೆ, ಹತ್ತು ಕೈ. ಒಬ್ಬರಿಗೂ ಆ ಹುಡುಗ ಯಾರು ಅಂತ ಗೊತ್ತಿಲ್ಲ. ಟಿಕೆಟ್ಟೂ ಚಿಲ್ಲರೆಯೂ ಅದೇ ಹತ್ತು ಕೈ ದಾಟಿ ವಾಪಸು ಬಂದವು. ಹುಡುಗ ಎಣಿಸದೇ ಜೇಬಿಗೆ ಹಾಕಿಕೊಂಡ!

ದಿನಾ ನಡೆಯುತ್ತೆ, ನಾವು ನೋಡೋದಿಲ್ಲ. ಒಂದು ದಿನ ಒಂದು ಕೈ ತಪ್ಪಿದರೆ ಅದು ನನ್ನ ಪೇಪರಿನಲ್ಲಿ ಸುದ್ದಿ.

ಈ ಸಲ ಅಪ್ಪ ತಕ್ಷಣ ಉತ್ತರ ಕೊಡಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಶುರು ಮಾಡಿದರು.

“ಹೋದ ತಿಂಗಳು ಒಬ್ಬನಿಗೆ ಇಪ್ಪತ್ತು ಚಿಲ್ಲರೆ ಕೊಡೋ ಕಡೆ ಇನ್ನೂರು ಕೊಟ್ಟುಬಿಟ್ಟಿದ್ದೆ ಕಣೋ. ನಂಗೆ ಗೊತ್ತೇ ಇಲ್ಲ. ಮಾರನೇ ದಿವ್ಸ ಬಂದು, ‘ಯಜಮಾನ್ರೇ, ನಿನ್ನೆ ಇದು ಜಾಸ್ತಿ ಬಂದಿತ್ತು’ ಅಂತ ಇನ್ನೂರು ಮಡಗಿ, ಇಪ್ಪತ್ತು ತಗೊಂಡು, ಬಸ್ಸು ಹೊರಡ್ತದೆ ಅಂತ ಓಡೋದ. ಬಿಸಿಲಿಗೆ ಬೆನ್ನು ಮಾಡಿ ನಿಂತಿದ್ದ. ಮುಖ ಅನ್ನೋದು ಬರೀ ಕಪ್ಪು.”

ಮತ್ತೆ ಸುಮ್ಮನಾದರು.

“ಅವನ ಮುಖ ನೋಡ್ಬೇಕಾಗಿತ್ತು.”

ಪಂದ್ಯ ನಾನು ಗೆದ್ದೆನೋ ಸೋತೆನೋ ಇವತ್ತಿಗೂ ಗೊತ್ತಿಲ್ಲ. ಶನಿವಾರ, ಭಾನುವಾರಕ್ಕೆ ಇಟ್ಟುಕೊಂಡಿದ್ದ ಸುದ್ದಿ ಬೇಕಾಗಲಿಲ್ಲ. ಸೋಮವಾರ ಬೆಳಿಗ್ಗೆ ಅಪ್ಪನೇ ಶರ್ಟು ಹಾಕಿಕೊಂಡು ಆಸ್ಪತ್ರೆಗೆ ಹೊರಟು ನಿಂತಿದ್ದರು.

ವಿಮಾನದ ಚೂರು, ಕಣ್ಣಿನ ಗಾಜು

ಅಪ್ಪನ ಅಜ್ಜಿಗೆ ಊರ ಹತ್ತಿರದ ಕಣ್ಣಿನ ಶಿಬಿರದಲ್ಲಿ ಪೊರೆ ತೆಗೆದಿದ್ದರಂತೆ. ಆಗಿನ ಕಾಲದಲ್ಲಿ ಊರೂರಿಗೆ ಹೋಗಿ ಶಿಬಿರ ಹಾಕುತ್ತಿದ್ದವರಲ್ಲಿ ದೊಡ್ಡ ಹೆಸರು ಡಾ. ಎಂ. ಸಿ. ಮೋದಿಯವರದು. ನಮ್ಮ ಬಾಗಲಕೋಟೆ ಸೀಮೆಯ ಬೀಳಗಿಯವರು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಅವರದು. ಆಗ ಪೊರೆ ಕಟ್ಟಿದ ಮಸೂರ ತೆಗೆದು, ಸೀಸೆ ತಳದಷ್ಟು ದಪ್ಪ ಕನ್ನಡಕ ಕೊಡುತ್ತಿದ್ದರು. ಈಗ ಒಳಗೇ ಹೊಸ ಮಸೂರ ಕೂರಿಸುತ್ತಾರೆ.

ಇದರ ಹಿಂದೆ ಒಂದು ಕತೆ ಇದೆ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಕೆಲವು ಪೈಲಟ್ಟುಗಳ ಕಣ್ಣಿಗೆ, ಒಡೆದ ವಿಮಾನದ ಪ್ಲಾಸ್ಟಿಕ್ ಗಾಜಿನ ಚೂರು ಹೊಕ್ಕಿತ್ತು. ಆ ಚೂರು ಒಳಗೇ ಇದ್ದರೂ ಕಣ್ಣು ಕೆರಳಲಿಲ್ಲ. ಹೆರಾಲ್ಡ್ ರಿಡ್ಲಿ ಅನ್ನೋ ಡಾಕ್ಟರು ಇದನ್ನ ಗಮನಿಸಿದರು. ಹಾಗಾದರೆ ಇದೇ ವಸ್ತುವಿನಲ್ಲಿ ಮಸೂರ ಮಾಡಿ ಇಟ್ಟರೆ? 1949ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಇಟ್ಟೇಬಿಟ್ಟರು. ಗಾಯ ಮಾಡಿದ ಚೂರೇ ಕಣ್ಣು ಕೊಡೋ ದಾರಿ ತೋರಿಸಿತು ನೋಡಿ!

ನಮ್ಮಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆ ಆಪರೇಷನ್ ಉಚಿತ. ನಿಮ್ಮ ಮನೆಯಲ್ಲೂ “ನೋಡೋದೆಲ್ಲಾ ನೋಡಾಯ್ತು” ಅನ್ನೋರು ಇದ್ದರೆ ಇದನ್ನ ಓದಿ ಹೇಳಿ.

ಸುಣ್ಣ ಯಾವಾಗ ಹೊಡೆಸ್ದೆ?

ಮೊದಲು ಬಲಗಣ್ಣು ಆಯಿತು. ಮಾರನೇ ದಿನ ಪಟ್ಟಿ ತೆಗೆದು ಮನೆಗೆ ಕರೆದುಕೊಂಡು ಬಂದೆ. ಅಪ್ಪ ಬಾಗಿಲಲ್ಲೇ ನಿಂತುಬಿಟ್ಟರು.

“ಗೋಡೆಗೆ ಸುಣ್ಣ ಯಾವಾಗ ಹೊಡೆಸ್ದೆ?”

ನಮ್ಮ ಮನೆಗೆ ಕೊನೇ ಸಲ ಸುಣ್ಣ ಕಂಡದ್ದು ತಂಗಿಯ ಮದುವೆಗೆ. ಒಂಬತ್ತು ವರ್ಷ ಆಯಿತು.

ಆಮೇಲೆ ಗೊತ್ತಾಯಿತು, ಪೊರೆ ಬಂದ ಮಸೂರ ವರ್ಷ ಕಳೆದ ಹಾಗೆ ಹಳದಿಗೆ ತಿರುಗುತ್ತೆ, ನೀಲಿ ಬಣ್ಣವನ್ನ ತಡೆದುಬಿಡುತ್ತೆ. ಸ್ವಲ್ಪ ಸ್ವಲ್ಪವೇ ಆಗೋದರಿಂದ ನೋಡುವವರಿಗೇ ತಿಳಿಯೋದಿಲ್ಲ. ಅಪ್ಪ ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆಗೆದು ಮನೆಯೆಲ್ಲಾ ಓಡಾಡಿದರು. ಎಡಗಣ್ಣಲ್ಲಿ ಹಳೇ ಗೋಡೆ, ಬಲಗಣ್ಣಲ್ಲಿ ಹೊಸ ಗೋಡೆ. ಕೊನೆಗೆ ಅಮ್ಮನ ಫೋಟೋ ಮುಂದೆ ನಿಂತರು.

“ಈ ಸೀರೆ ನೀಲೀನಾ? ಇಷ್ಟು ದಿನ ಹಸ್ರು ಅಂದ್ಕೊಂಡಿದ್ನಲ್ಲಾ” ಅಂದರು. ಬಹಳ ಹೊತ್ತು ಅಲ್ಲೇ ನಿಂತಿದ್ದರು. ನಾನು ಕಾಫಿ ತರುವ ನೆಪ ಮಾಡಿಕೊಂಡು ಹೊರಗೆ ಹೋದೆ.

ಒಂದು ತಿಂಗಳ ಮೇಲೆ, ಎಡಗಣ್ಣೂ ಆದ ಬಳಿಕ, ಒಂದು ಭಾನುವಾರ ಸಂಜೆ ಅರಮನೆ ಮುಂದೆ ಕರೆದುಕೊಂಡು ಹೋದೆ. ಮೊದಲೆಲ್ಲಾ ಈ ದೀಪ ಅವರಿಗೆ ಒಂದು ದೊಡ್ಡ ಹಳದಿ ಮುದ್ದೆಯಾಗಿ ಕಾಣುತ್ತಿತ್ತಂತೆ. ಏಳು ಗಂಟೆಗೆ, ಲಕ್ಷದ ಹತ್ತಿರ ಹತ್ತಿರ ಬಲ್ಬುಗಳು ಒಂದೇ ಏಟಿಗೆ ಹೊತ್ತಿಕೊಂಡವು. ಸೇರಿದ್ದ ಜನವೆಲ್ಲಾ “ಓ” ಅಂದರು. ಕಡಲೆಕಾಯಿ ಮಾರುವವನು, ದಿನಾ ನೋಡುವವನು, ಅವನೂ ಅಂದ.

ತಿರುಗಿ ನೋಡಿದರೆ ಅಪ್ಪ ಅರಮನೆಗೆ ಬೆನ್ನು ಮಾಡಿ ನಿಂತಿದ್ದಾರೆ!

“ಏನಪ್ಪಾ ಇದು, ಅಲ್ಲಿ ನೋಡಿ.”

“ನೋಡ್ದೆ ಬುಡು. ಈ ಮುಖಗಳ್ನ ನೋಡು ನೀನು. ಎಷ್ಟು ಚೆನ್ನಾಗಿ ಕಾಣ್ತಾವೆ.”

ಈಗ ಅಂಗಡಿಯಲ್ಲಿ ಕೂತು ಅಪ್ಪ ಬರೋ ಗಿರಾಕಿಗಳನ್ನೆಲ್ಲಾ ಮುಖ ಎತ್ತಿ ನೋಡುತ್ತಾರೆ. ಇವನಿರಬಹುದಾ? ಅವನಿರಬಹುದಾ? ಯಾರು ಅಂತ ಗೊತ್ತಿಲ್ಲದ್ದರಿಂದ ಎಲ್ಲರಿಗೂ ಮರ್ಯಾದೆ ಸಿಗುತ್ತಿದೆ. ಹಿಂದೆ “ಏನು ಬೇಕು?” ಅಂತಿದ್ದವರು ಈಗ “ಬನ್ನಿ ಸ್ವಾಮಿ” ಅನ್ನುತ್ತಾರೆ. ವ್ಯಾಪಾರವೂ ಸ್ವಲ್ಪ ಏರಿದೆ, ಸುಳ್ಳು ಯಾಕೆ ಹೇಳಲಿ.

ಇನ್ನೂರು ರೂಪಾಯಿ ವಾಪಸು ಕೊಟ್ಟ ಆ ಮಹಾನುಭಾವರು ಬಸ್ಸಿನಲ್ಲಿ ಕೂತು ಈ ಅಂಕಣ ಓದುತ್ತಿದ್ದರೆ, ದಯವಿಟ್ಟು ಒಂದು ಗಳಿಗೆ ಇಳಿದು ಅಂಗಡಿ ಕಡೆ ಬನ್ನಿ. ಬಿಸಿಲಿಗೆ ಬೆನ್ನು ಮಾಡಬೇಡಿ, ಈ ಕಡೆ ತಿರುಗಿ ನಿಂತುಕೊಳ್ಳಿ. ಒಂದು ಏಲಕ್ಕಿ ಬಾಳೆಹಣ್ಣು ಉಚಿತ.